ನೀರುಗಂಟಿ ಇಲ್ಲದ ಕೆರೆ

ಪ್ರತಿ ಬೇಸಿಗೆಯಲ್ಲೂ ಕೆರೆಗಳ ಪುನಶ್ಚೇತನದ ಮಾತು ಹೂಳೆತ್ತುವುದರಲ್ಲಿ ಶುರುವಾಗಿ ಹೂಳೆತ್ತುವುದರಲ್ಲೇ ಮುಗಿಯುತ್ತದೆ. ತುಂಬಿದ ನೀರನ್ನು ಯಾರು, ಯಾವ ಕ್ರಮದಲ್ಲಿ ಹಂಚಬೇಕೆಂಬುದು ಯಾರಿಗೂ ಬೇಡವಾಗಿರುವುದು ಸಹಿಸಲಾಗದ ಸಂಗತಿ.

ಕೋಲಾರ ಸೀಮೆಯ ಕೆರೆಗಳಲ್ಲಿ ಆ ಹೊಣೆ ನೀರುಗಂಟಿಯದಾಗಿತ್ತು. ತೂಬನ್ನು ತೆರೆದು ಮುಚ್ಚುವುದು, ಕಾಲುವೆಯ ಕೊನೆಯ ಗದ್ದೆಗೂ ಸರದಿಯಂತೆ ನೀರು ಮುಟ್ಟಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿ ಕಾಯುವುದು ಅವನ ಕೆಲಸವಾದರೆ, ಅಚ್ಚುಕಟ್ಟಿನ, ಅಂದರೆ ಆ ಕೆರೆಯ ನೀರುಣ್ಣುವ ಜಮೀನಿನ, ರೈತರು ಸುಗ್ಗಿಯಲ್ಲಿ ಅಳೆದುಕೊಡುತ್ತಿದ್ದ ಧಾನ್ಯವೇ ಅವನ ಸಂಬಳ. ಮಳೆ ಕೈಕೊಟ್ಟ ವರ್ಷ ಎಷ್ಟು ಜಮೀನಿಗೆ ನೀರು ಸಾಲುತ್ತದೆಂದು ಮೊದಲೇ ತೀರ್ಮಾನಿಸಿ, ಎಲ್ಲರ ಗದ್ದೆಯಲ್ಲೂ ಒಂದು ಪಾಲನ್ನು ಬೀಳು ಬಿಡುವ ರೂಢಿ ಹಲವು ಊರುಗಳಲ್ಲಿತ್ತು.

ಹೀಗೆ ಹಂಚಿಕೊಂಡು ಬಾಳುವುದು ಸಾಧ್ಯವಿಲ್ಲವೆನ್ನುವವರೂ ಇದ್ದಾರೆ. ಎಲ್ಲರಿಗೂ ತೆರೆದ ಹುಲ್ಲುಗಾವಲು ಪ್ರತಿಯೊಬ್ಬನ ಸ್ವಾರ್ಥದಿಂದ ಹಾಳಾಗಿಯೇ ತೀರುತ್ತದೆಂದು 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಆದರೆ ಬಳಕೆದಾರರೇ ಕಟ್ಟಳೆ ಮಾಡಿಕೊಂಡು, ಉಸ್ತುವಾರಿಗೆ ಜನರನ್ನಿಟ್ಟು, ಮೊದಲ ತಪ್ಪಿಗೆ ಸಣ್ಣ ದಂಡ ಹಾಕಿದ ಕಡೆ ಸ್ವಿಟ್ಜರ್ಲೆಂಡಿನ ಮೇವಿನ ನೆಲವೂ ಸ್ಪೇನಿನ ಕಾಲುವೆಯೂ ಶತಮಾನಗಳ ಕಾಲ ಉಳಿದುಬಂದದ್ದನ್ನು ಎಲಿನರ್ ಆಸ್ಟ್ರಂ 1990ರ ತಮ್ಮ ಕೃತಿಯಲ್ಲಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಇವರೇ. ಕೆರೆಯ ವಿಷಯದಲ್ಲೂ ಇದೇ ಮಾತು: ನೆರೆಯವನೂ ಸರದಿ ಮುರಿಯುವುದಿಲ್ಲ, ಮುರಿದರೆ ಸಿಕ್ಕಿಬೀಳುತ್ತಾನೆ ಎಂಬ ನಂಬಿಕೆಯಿದ್ದಾಗ ಮಾತ್ರ ರೈತ ತನ್ನ ಸರದಿಗಾಗಿ ಕಾಯುತ್ತಾನೆ. ನೀರುಗಂಟಿ ಕಾಯುತ್ತಿದ್ದುದು ನೀರಿಗಿಂತ ಹೆಚ್ಚಾಗಿ ಈ ನಂಬಿಕೆಯನ್ನು.

ಹಳೆಯ ವ್ಯವಸ್ಥೆಯನ್ನು ಕೊಂಡಾಡುವವರು ಮುಚ್ಚಿಡುವ ಸತ್ಯವೊಂದಿದೆ. ನೀರುಗಂಟಿಗಳಲ್ಲಿ ಬಹುಪಾಲು ದಲಿತರು. ಊರಿನ ನೀರನ್ನು ಹಂಚುವ ಕೈಗೆ ಊರಿನಲ್ಲಿ ಸಮಾನ ಸ್ಥಾನವಿರಲಿಲ್ಲ. ವಂಶಪಾರಂಪರ್ಯದ ಚಾಕರಿಯನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗೊಳಿಸಿದ್ದು ನ್ಯಾಯವೇ ಆದರೂ, ಆ ಕೆಲಸವನ್ನು ಗೌರವದ ಸಂಬಳಕ್ಕೆ ಬೇರೆ ಯಾರಿಗೂ ವಹಿಸದೆ ಬಿಟ್ಟದ್ದು ದೊಡ್ಡ ಪ್ರಮಾದ. ಮುಂದೆ ಕೊಳವೆಬಾವಿ ಬಂದಾಗ, ನೆಲದ ಒಡೆಯನೇ ಅದರಡಿಯ ನೀರಿಗೂ ಒಡೆಯನೆಂಬ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದ ತಿಳಿವಳಿಕೆ ಅದಕ್ಕೆ ಬೆಂಬಲವಾಯಿತು. ಹಣವುಳ್ಳವನಿಗೆ ಕೆರೆಯ ಹಂಗು ತಪ್ಪಿತು. ಊರಿನಲ್ಲಿ ಮಾತು ನಡೆಯುವವನೇ ಕಟ್ಟಳೆಯಿಂದ ಹೊರನಡೆದ ಮೇಲೆ ಕಾಲುವೆಯ ಕೊನೆಯ ಬಡವನ ಪರವಾಗಿ ದನಿಯೆತ್ತುವವರು ಉಳಿಯಲಿಲ್ಲ.

ಆದ್ದರಿಂದ ಹೂಳೆತ್ತಿದ ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮುನ್ನ, ಆ ಕೆರೆಯ ತೂಬಿನ ಹೊಣೆ ಹೊತ್ತವರ ಹೆಸರನ್ನೂ ಅವರ ಸಂಬಳವನ್ನೂ ಎಂಜಿನಿಯರು ಬರೆದುಕೊಡಬೇಕು. ಬರೆಯಲಾಗದಿದ್ದರೆ ಬಿಲ್ಲನ್ನು ವಾಪಸು ಕಳಿಸಬೇಕು.