ಹಳ್ಳಿ ನಾಯಿಗೇನಾಗುತ್ತೆ ಎಂಬ ಉಡಾಫೆ

ಮಂಗನ ಕಾಯಿಲೆಗೆ ಹೆದರಿ, ಉಣ್ಣೆ ಕಚ್ಚದಂತೆ ಮೈಗೆಲ್ಲ ಡೆಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವ ನಾವು, ಮನೆಯಂಗಳದಲ್ಲಿ ನಾಯಿ ಹಾಕಿದ ಹೇಲನ್ನು ಬರಿಗಾಲಲ್ಲಿ ದಾಟಿ ಕೊಟ್ಟಿಗೆಗೆ ಹೋಗುತ್ತೇವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟದ ಮನೆಗಳಲ್ಲಿ ನಾಯಿಯಿಲ್ಲದ್ದು ಎಷ್ಟಿದೆ? ಹಂದಿ ಓಡಿಸಲು ಬೇಕು, ಮಂಗ ಅಟ್ಟಲು ಬೇಕು. ಹುಳದ ಮಾತ್ರೆ ಎಂದರೆ ಮಾತ್ರ, 'ಹಳ್ಳಿ ನಾಯಿ ಮಾರಾಯ, ಅದಕ್ಕೇನಾಗುತ್ತೆ?'

ಏನಾಗುತ್ತದೆಂದು ಮರಿಯನ್ನು ಎತ್ತಿ ನೋಡಿ. ಹೊಟ್ಟೆ ಗುಡಾಣ, ಬೆನ್ನಮೂಳೆ ಎಣಿಸಬಹುದು. ತುಟಿ ಸರಿಸಿದರೆ ಒಸಡು ಬಿಳಿಚಿದೆ, ಬಾಲದಡಿಯಲ್ಲಿ ಕಪ್ಪು ಭೇದಿ ಮೆತ್ತಿದೆ. ಕೊಕ್ಕೆಹುಳು ಕರುಳಿಗೆ ಕಚ್ಚಿ ರಕ್ತ ಹೀರಿದರೆ ಹೀಗಾಗುತ್ತದೆ. ಅದು ತಾಯಿಹಾಲಿನಲ್ಲೇ ಬರುತ್ತದೆ. ಜಂತುಹುಳು ಇನ್ನೂ ಮುಂಚೆ, ಗರ್ಭದಲ್ಲೇ ಸೇರಿರುತ್ತದೆ. ಅದಕ್ಕೇ 2 ವಾರ ತುಂಬುತ್ತಲೇ ಮೊದಲ ಔಷಧಿ, 8 ವಾರದವರೆಗೆ 2 ವಾರಕ್ಕೊಮ್ಮೆ. ನಾವೋ, 'ಬದುಕಿದರೆ ನೋಡೋಣ' ಎಂದು ಕಾಯುತ್ತೇವೆ. ಸತ್ತರೆ ದೃಷ್ಟಿಯಾಯಿತು. ಕೆಲವರು ದನಕ್ಕೆ ತಂದು ಉಳಿದ ಔಷಧಿಯನ್ನು ತೂಕ ಗೀಕ ನೋಡದೆ ನಾಯಿ ಬಾಯಿಗೆ ಸುರಿದು ಕೈತೊಳೆದುಕೊಳ್ಳುತ್ತಾರೆ.

2015ರಿಂದ ಜಂತುಹುಳು ನಿವಾರಣಾ ದಿನ ಎಂದು ಶಾಲೆಯಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಕೊಡುತ್ತಾರೆ. ಅದೇ ಮಗು ಸಂಜೆ ಮರಿಯ ಜೊತೆ ಮಣ್ಣಲ್ಲಿ ಉರುಳುತ್ತದೆ. ನಾಯಿಯ ಕೊಕ್ಕೆಹುಳುವಿನ ಮರಿ ಮನುಷ್ಯರ ಚರ್ಮದೊಳಗೆ ಹೊಕ್ಕು ಅಂಕುಡೊಂಕು ಗೆರೆ ಎಳೆಯುತ್ತದೆ. ಜಂತುಹುಳುವಿನ ಮರಿ ಕಣ್ಣಿಗೆ ಹೋದರೆ ದೃಷ್ಟಿಯೇ ಹೋಗಬಹುದು. ಅಡಿಕೆ ತೋಟದ ನೆರಳು, ಮಳೆಗಾಲದ ತೇವ ಕೊಕ್ಕೆಹುಳುವಿಗೆ ಹೇಳಿ ಮಾಡಿಸಿದ ಜಾಗ.

ಇನ್ನು ಬೀದಿನಾಯಿಗಳ ಆಶ್ರಯತಾಣ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಿ ಎಂದಿತು. ಮರಿ, ಮುದಿ, ರೋಗಿ ಎನ್ನದೆ ಒಂದೇ ಮಣ್ಣಿನ ಅಂಗಳಕ್ಕೆ ತಳ್ಳಿ ಅನ್ನ ಹಾಕಿದರೆ ಅದು ಕರುಣೆಯಲ್ಲ, ಹುಳು ಸಾಕಣೆ. ಒಂದು ಹೆಣ್ಣು ಜಂತುಹುಳು ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡುತ್ತದೆ. ಫಿನೈಲಿಗೆ ಅವು ಜಗ್ಗುವುದಿಲ್ಲ, ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಆದರೆ ಆ ಮೊಟ್ಟೆ ಸೋಂಕು ತರುವಷ್ಟು ಬಲಿಯಲು ವಾರಗಳೇ ಬೇಕು. ದಿನವೂ ಹೇಲೆತ್ತಿದರೆ ಅರ್ಧ ಕೆಲಸ ಮುಗಿಯಿತು. ಅದನ್ನು ಬಿಟ್ಟು ಪೈಪಿನಿಂದ ನೀರು ಹಾಯಿಸುವವರು ಹುಳುವನ್ನು ಚರಂಡಿಗುಂಟ ಊರಿಗೆ ಹಂಚುತ್ತಿದ್ದಾರೆ.

ಬೀದಿನಾಯಿಗೆ ಜಂತುನಾಶಕ ಕೊಡಿಸುವುದು ಸ್ಥಳೀಯ ಸಂಸ್ಥೆಯ ಹೊಣೆ, ಸಾಕುನಾಯಿಗೆ ಒಡೆಯನ ಹೊಣೆ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಬರೆದಿಟ್ಟಿದೆ. ಪಟ್ಟಣ ಪಂಚಾಯಿತಿಯನ್ನು ಬೈಯುವ ಮುಂಚೆ ನಿಮ್ಮ ನಾಯಿಯನ್ನು ತೂಗಿಸಿ, ಇವತ್ತಿನ ಹೇಲನ್ನು ಪರೀಕ್ಷೆಗೆಂದು ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ.