ಇನ್ನೆಷ್ಟು ವರ್ಷ ಹೆಲ್ಪರ್?

ಹೋದ ತಿಂಗಳು ಊರಿಗೆ ಹೋದಾಗ ಪಕ್ಕದ ಮನೆಯ ಅಮ್ಮ ಒಂದು ಪಾಂಪ್ಲೆಟ್ ತಂದು ಕೈಗಿಟ್ಟರು. "ಓದಿದೋನು ನೀನು, ಇದು ಸರಿಯಾದ್ದಾ ನೋಡಿ ಹೇಳಪ್ಪ" ಅಂದರು. ಕೆಲಸ ಮಾಡುತ್ತಲೇ ಪಿಯುಸಿ ಕಟ್ಟಿ, ಆಮೇಲೆ ಡಿಗ್ರಿ ಮಾಡಿ, ಫೀಸು ಕಂತಿನಲ್ಲಿ ಕೊಡಿ ಅಂತ ಅದರಲ್ಲಿತ್ತು. ಅವರ ಮಗ ಬೆಂಗಳೂರಿನಲ್ಲಿ ಟೈಲ್ಸ್ ಹಾಕುವ ಮೇಸ್ತ್ರಿ ಹತ್ತಿರ ಹೆಲ್ಪರ್. ಎಸ್ಸೆಸ್ಸೆಲ್ಸಿ ಪಾಸಾಗಿದೆ, ಪಿಯುಸಿ ಅರ್ಧಕ್ಕೆ ಬಿಟ್ಟ. ಆರು ವರ್ಷದಿಂದ ಅದೇ ಕೆಲಸ. ಡಿಗ್ರಿ ಇದ್ದರೆ ಸಂಬಳ ಜಾಸ್ತಿ ಬರುತ್ತೆ ಅಂತ ಯಾರೋ ಹೇಳಿದ್ದಾರೆ. ಮೊದಲ ಕಂತಿಗೆ ಎರಡು ಕುರಿ ಮಾರುವುದು ಅಂತ ಮನೆಯಲ್ಲಿ ತೀರ್ಮಾನವೂ ಆಗಿತ್ತು.

ಮಾರಬೇಡಿ ಅಂದೆ. ಹಾಗೆ ಹೇಳುವುದು ನನಗೇ ಕಷ್ಟವಾಯಿತು. ನಾನು ಪತ್ರಿಕೋದ್ಯಮ ಓದಿದವನು, ಓದಿನ ವಿರುದ್ಧ ಮಾತಾಡಿದರೆ ಏರಿದ ಏಣಿ ಒದ್ದ ಹಾಗೆ ಕಾಣುತ್ತದೆ. ಓದುವ ಆಸೆ ಇರುವವರು ಎಷ್ಟು ವಯಸ್ಸಾದರೂ ಓದಲಿ. ಆದರೆ ಕೂಲಿ ಜಾಸ್ತಿಯಾಗಲಿ ಅಂತ ಮಾತ್ರ ಐದು ವರ್ಷ ಫೀಸು ಕಟ್ಟುವುದಾದರೆ, ಅದಕ್ಕಿಂತ ಹತ್ತಿರದ ದಾರಿ ಇದೆಯಾ ಅಂತ ಮೊದಲು ನೋಡಬೇಕು. ನಮ್ಮೂರಲ್ಲೇ ಡಿಗ್ರಿ ಮುಗಿಸಿ ಸೆಕ್ಯುರಿಟಿ ಕೆಲಸಕ್ಕೆ ಹೋಗಿರುವ ಮೂವರು ನನಗೆ ಗೊತ್ತು. ಪಕ್ಕದಲ್ಲಿ ನಿಲ್ಲುವ ಎಸ್ಸೆಸ್ಸೆಲ್ಸಿ ಫೇಲಾದವನಿಗೂ ಅವರಿಗೂ ಒಂದೇ ಸಂಬಳ, ಒಂದೇ ಯೂನಿಫಾರಂ.

ಹುಡುಗನಿಗೆ ಫೋನ್ ಮಾಡಿ ನಿನಗೆ ಏನೇನು ಕೆಲಸ ಬರುತ್ತೆ ಅಂತ ಕೇಳಿದೆ. "ಏನಿಲ್ಲ ಅಣ್ಣ, ಹೆಲ್ಪರ್ ಕೆಲಸ" ಅಂದ. ಬಿಡಿಸಿ ಕೇಳಿದಾಗ ಹೇಳಿದ: ರಸಮಟ್ಟ ಇಟ್ಟು ನೆಲ ನೋಡುತ್ತಾನೆ, ಕಟ್ಟರ್ ಹಿಡಿಯುತ್ತಾನೆ, ಬಾತ್‌ರೂಮಿನಲ್ಲಿ ನೀರು ಜಾಲರಿ ಕಡೆ ಹರಿಯುವ ಹಾಗೆ ಇಳಿಜಾರು ಕೊಡುತ್ತಾನೆ, ಒಂದು ರೂಮಿಗೆ ಎಷ್ಟು ಬಾಕ್ಸ್ ಟೈಲ್ಸ್ ಬೇಕು ಅಂತ ಲೆಕ್ಕ ಹಾಕುತ್ತಾನೆ. ಮೇಸ್ತ್ರಿ ಬೇರೆ ಸೈಟಿಗೆ ಹೋದ ದಿನ ಎಲ್ಲ ಇವನೇ ಮಾಡುವುದು. ಕೂಲಿ ಮಾತ್ರ ಸಿಮೆಂಟು ಹೊರುವವನದು.

ನಾನು ಹೇಳಬೇಕೆಂದಿರುವುದು ಇದನ್ನೇ. ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಕೊರತೆ ಇರುವುದು ವಿದ್ಯೆಯದಲ್ಲ. ಬರುವ ಕೆಲಸಕ್ಕೆ ತಕ್ಕ ಹೆಸರು ಸಿಕ್ಕಿಲ್ಲ, ಹೆಸರಿಲ್ಲದ್ದಕ್ಕೆ ಕೂಲಿಯೂ ಇಲ್ಲ. ಮೇಸ್ತ್ರಿಗೂ ಅದೇ ಅನುಕೂಲ, ಹೆಲ್ಪರ್ ಮೇಸ್ತ್ರಿಯಾದರೆ ಅವನಿಗೆ ಹೆಲ್ಪರ್ ಎಲ್ಲಿ ಸಿಗುತ್ತಾನೆ?

ಇದು ಗಾರೆ ಕೆಲಸದಲ್ಲಿ ಮಾತ್ರ ಇರುವ ಕಥೆಯಲ್ಲ. ಸರ್ಕಾರದ ಕನಿಷ್ಠ ವೇತನದ ಆದೇಶದಲ್ಲಿ ಕೆಲಸಗಾರರನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಅಂತ ವಿಂಗಡಿಸಿರುತ್ತಾರೆ. ಒಂದೊಂದಕ್ಕೆ ಒಂದೊಂದು ದರ. ಮಿಷನ್ ಮೇಲೆ ಕೂತು ಕಾಲರ್ ಹೊಲಿಯುವ ಹೆಣ್ಣುಮಗಳ ಹೆಸರು ಕಾಗದದಲ್ಲಿ ಹೆಲ್ಪರ್ ಅಂತಲೇ ಇದ್ದರೆ ಪ್ರತಿ ತಿಂಗಳೂ ನಷ್ಟ ಅವಳದೇ. ಸಂಬಳದ ಚೀಟಿಯಲ್ಲಿ ನಿಮ್ಮ ಹುದ್ದೆ ಏನಂತ ಬರೆದಿದ್ದಾರೆ ಅಂತ ಇವತ್ತೇ ನೋಡಿ. ತಪ್ಪಿದ್ದರೆ ಮೊದಲು ಸೂಪರ್‌ವೈಸರ್ ಹತ್ತಿರ ಕೇಳಿ, ಆಗದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿ ಇದೆ. ಒಬ್ಬರೇ ಹೋದರೆ ಕೆಲಸಕ್ಕೇ ಕುತ್ತು ಬರಬಹುದು. ಅದೇ ಕೆಲಸ ಮಾಡುವ ನಾಲ್ಕು ಜನ ಸೇರಿ ಹೋಗುವುದು ಒಳ್ಳೆಯದು. ಚೀಟಿಯನ್ನೇ ಕೊಡದ ಕಡೆ ಕೆಲಸ ಮಾಡುತ್ತಿದ್ದರೆ ಸಂಬಳ ಬ್ಯಾಂಕಿಗೆ ಹಾಕಿ ಅಂತಲಾದರೂ ಕೇಳಿ. ಮುಂದಿನ ಕಡೆ "ನಾನು ಇಷ್ಟು ವರ್ಷ ದುಡಿದಿದ್ದೇನೆ" ಅಂತ ತೋರಿಸಲು ಪಾಸ್‌ಬುಕ್ಕಾದರೂ ಇರುತ್ತದೆ.

ಕಲಿತ ಕೆಲಸಕ್ಕೆ ಸರ್ಟಿಫಿಕೇಟು ಬೇಕಾದರೆ ಅದಕ್ಕೂ ದಾರಿ ಇದೆ. ಕೇಂದ್ರದ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಅಂತ ಒಂದು ವಿಭಾಗ ಇದೆ. ಈಗಾಗಲೇ ಕೆಲಸ ಬರುವವರನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ, ತಿಂಗಳುಗಟ್ಟಲೆ ಕ್ಲಾಸಿಗೆ ಕೂರಬೇಕಾಗಿಲ್ಲ. ಇದರ ಬಗ್ಗೆ ನನಗೆ ಅತಿ ಆಸೆಯೇನಿಲ್ಲ. ಊರ ಮೇಸ್ತ್ರಿ ಆ ಕಾಗದ ನೋಡಿ ಕೂಲಿ ಜಾಸ್ತಿ ಮಾಡುವುದಿಲ್ಲ. ದೊಡ್ಡ ಕಂಪನಿಯ ಸೈಟಿಗೆ ಹೋಗುವಾಗ, ಹೊರದೇಶಕ್ಕೆ ಅರ್ಜಿ ಹಾಕುವಾಗ ಅದಕ್ಕೊಂದು ಬೆಲೆ ಇರುತ್ತದೆ, ಅಷ್ಟೇ.

ಗಾರೆಯವರು, ಬಡಗಿಗಳು, ದರ್ಜಿಗಳು, ಕಮ್ಮಾರರು, ಕ್ಷೌರಿಕರು ಸೇರಿ 18 ಕಸುಬಿನವರಿಗೆ 2023ರ ಸೆಪ್ಟೆಂಬರಿನಿಂದ ಪಿಎಂ ವಿಶ್ವಕರ್ಮ ಯೋಜನೆ ಬಂದಿದೆ. ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಆಮೇಲೆ 5% ಬಡ್ಡಿಗೆ ಮೊದಲ ಸುತ್ತಿನಲ್ಲಿ 1 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಎಲೆಕ್ಟ್ರಿಷಿಯನ್ನು, ಪ್ಲಂಬರು ಆ ಪಟ್ಟಿಯಲ್ಲಿಲ್ಲ, ಸುಮ್ಮನೆ ಸೈಬರ್ ಸೆಂಟರಿಗೆ ದುಡ್ಡು ಕೊಟ್ಟು ಬರಬೇಡಿ.

ಕೆಲಸವನ್ನೇ ಬದಲಾಯಿಸಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳ ಹೆಸರು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರುಮಾಡಿದ ರುಡ್‌ಸೆಟ್ ಮಾದರಿಯನ್ನೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ತಂದರು. ಮೊಬೈಲ್ ರಿಪೇರಿ, ಮನೆ ವೈರಿಂಗ್, ಬೈಕ್ ಮೆಕ್ಯಾನಿಕ್, ಹೊಲಿಗೆ, ಹೈನುಗಾರಿಕೆ ಹೀಗೆ ಹಲವು ಕೋರ್ಸು. ಕೆಲವು ಹತ್ತೇ ದಿನದವು, ಕೆಲವು ಒಂದು ತಿಂಗಳಿಗೂ ಮೇಲೆ. ಫೀಸಿಲ್ಲ, ಊಟ ವಸತಿಯೂ ಉಚಿತ. ನಮ್ಮ ನೆಲದಲ್ಲೇ ಹುಟ್ಟಿದ್ದು, ಆದರೂ ನಮ್ಮ ಹೋಬಳಿಯಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಪಾಂಪ್ಲೆಟ್ ಹಂಚುವವರ ಹೆಸರು ಎಲ್ಲರಿಗೂ ಗೊತ್ತು.

ಒಂದು ತಕರಾರು ಮಾತ್ರ ಇದೆ. ಚಿಕ್ಕ ಮಗು ಇರುವ, ಎರಡು ಹಸು ಕಟ್ಟಿರುವ ಹೆಣ್ಣುಮಗಳು ತಿಂಗಳು ಪೂರ್ತಿ ಜಿಲ್ಲಾ ಕೇಂದ್ರದಲ್ಲಿ ಉಳಿಯುವುದು ಹೇಗೆ? ಹಾಲು ಕರೆಯುವವರು ಯಾರು? ವಸತಿ ಉಚಿತ ಅಂದರೆ ಸಾಲದು. ಹೋಬಳಿ ಮಟ್ಟದಲ್ಲಿ, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಡೆಯುವ ತರಬೇತಿಗಳು ಹೆಚ್ಚಾಗಬೇಕು. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳವರು ಇಪ್ಪತ್ತು ಇಪ್ಪತ್ತೈದು ಜನರ ಪಟ್ಟಿ ಮಾಡಿ ನಮ್ಮೂರಿಗೇ ಬನ್ನಿ ಅಂತ ಕೇಳಿ ನೋಡಬಹುದು. ಕೇಳದೆ ಯಾರೂ ಬರುವುದಿಲ್ಲ.

ಡ್ರೈವಿಂಗ್ ಬರುವವರಿಗೂ ಒಂದೆರಡು ಮಾತು. ಟ್ರಾನ್ಸ್‌ಪೋರ್ಟ್ ವಾಹನದ ಲೈಸೆನ್ಸಿಗೆ ಎಂಟನೇ ಕ್ಲಾಸು ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲೇ ತೆಗೆದುಹಾಕಿದ್ದಾರೆ. ಈಗಲೂ ಓದಿಲ್ಲ ಅಂತ ಹೆದರಿಸಿ ದುಡ್ಡು ಕೀಳುವ ಬ್ರೋಕರ್‌ಗಳಿದ್ದಾರೆ. ಕಾರಿನ ಲೈಸೆನ್ಸ್ ಇರುವವರು 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿ ಓಡಿಸಬಹುದು, ಬೇರೆ ಮುದ್ರೆ ಬೇಡ ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಾರಿ ಹತ್ತಬೇಕು ಅನ್ನುವವರಿಗೆ ಕಾರಿನ ಲೈಸೆನ್ಸ್ ಆಗಿ ಒಂದು ವರ್ಷ ತುಂಬಿರಬೇಕು, ಆಮೇಲೆ ಹೆವಿ ಲೈಸೆನ್ಸ್ ಕಡೆ ಹೋಗಬಹುದು. ನನ್ನ ಚಿಕ್ಕಪ್ಪನ ಮಗ ಟ್ರ್ಯಾಕ್ಟರ್‌ನಿಂದ ಜೆಸಿಬಿಗೆ ಹೋದ. ತಿಂಗಳ ಕೊನೆಯಲ್ಲಿ ನಮ್ಮಿಬ್ಬರಲ್ಲಿ ಕೈಸಾಲ ಕೇಳುವವನು ಎಂ.ಎ. ಮಾಡಿರುವ ನಾನು.

ಕೆಲಸ ಕೊಡುವ ಮೊದಲೇ ಡೆಪಾಸಿಟ್ಟು, ಯೂನಿಫಾರಂ ದುಡ್ಡು, ರಿಜಿಸ್ಟ್ರೇಷನ್ ಅಂತ ಫೋನ್‌ಪೇ ಮಾಡಿಸಿಕೊಳ್ಳುವವರಿಗೆ ಒಂದು ರೂಪಾಯಿಯೂ ಕಳಿಸಬೇಡಿ. ಸಂಬಳ ಅವರು ನಿಮಗೆ ಕೊಡಬೇಕಾದ್ದು.

ಪಕ್ಕದ ಮನೆಯ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ನೀನೇ ಹಾಕಿದ ಕೆಲಸದ ಫೋಟೊ ತೆಗೆದು ಫೋನಲ್ಲಿ ಇಟ್ಟುಕೋ, ಯಾವ ಊರು, ಎಷ್ಟು ಅಡಿ ಅಂತ ಬರೆದಿಡು. ಕುರಿ ದುಡ್ಡಿಗೆ ಸ್ವಂತ ಕಟ್ಟರ್ ತಗೋ. ಮೊದಲು ಊರಲ್ಲೇ ಒಂದು ಸಣ್ಣ ಬಾತ್‌ರೂಮ್ ಒಪ್ಪಿಕೋ, ಅಡಿ ಲೆಕ್ಕದಲ್ಲಿ ದರ ಹೇಳು, ಅಡ್ವಾನ್ಸ್ ಇಸ್ಕೋ. ಮೇಸ್ತ್ರಿ ಜೊತೆ ಜಗಳ ಆಡಿಕೊಂಡು ಬರಬೇಡ, ನಾಳೆ ಹೆಚ್ಚಾದ ಕೆಲಸ ಅವನೇ ನಿನಗೆ ಕೊಡಬಹುದು. ಹುಡುಗ ಒಪ್ಪಿದ. ಗೌರಿಹಬ್ಬದ ಹೊತ್ತಿಗೆ ಅವನ ಅತ್ತೆ ಮನೆಯ ಬಚ್ಚಲಿಂದ ಶುರುಮಾಡುವುದು ಅಂತ ಮಾತಾಗಿದೆ.

ಅವನ ತಾಯಿ ಪೂರ್ತಿ ಒಪ್ಪಲಿಲ್ಲ. ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದರು: "ನೀನು ಹೇಳೋದು ಸರಿನೇ ಕಣಪ್ಪ. ಆದ್ರೆ ಹೆಣ್ಣು ಕೇಳೋಕೆ ಹೋದಾಗ ಹುಡುಗ ಏನು ಓದಿದ್ದಾನೆ ಅಂತಾರೆ, ಎಷ್ಟು ಅಡಿ ಟೈಲ್ಸ್ ಹಾಕಿದ್ದಾನೆ ಅಂತ ಯಾರೂ ಕೇಳಲ್ಲ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಾಂಪ್ಲೆಟ್ ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಂಡೇ ಹೋದರು.