ಇಬ್ಬರು ಗೆಳೆಯರು ಮತ್ತು ಕರಡಿ

ಇಬ್ಬರು ಗೆಳೆಯರ ಕತೆ ಮಕ್ಕಳಿಗೆಲ್ಲ ಗೊತ್ತು. ಕಾಡಿನಲ್ಲಿ ಕರಡಿ ಎದುರಾದಾಗ ಒಬ್ಬ ಮರ ಹತ್ತಿದ. ಇನ್ನೊಬ್ಬ ಉಸಿರು ಬಿಗಿಹಿಡಿದು ಸತ್ತಂತೆ ಮಲಗಿದ. ಕರಡಿ ಅವನ ಕಿವಿ ಮೂಸಿ ಹೊರಟುಹೋಯಿತು. ಸ್ನೇಹದ ಬಗ್ಗೆ ಈ ಕತೆ ಹೇಳುವ ನೀತಿ ಸರಿ. ಆದರೆ ಕರಡಿಯ ಬಗ್ಗೆ ಹೇಳುವುದನ್ನು ನಂಬಿ ಚಾರಣಕ್ಕೆ ಹೊರಟರೆ ಪ್ರಾಣಕ್ಕೇ ಸಂಚಕಾರ.

ಕರ್ನಾಟಕದ ಕಾಡುಗಳಲ್ಲಿರುವುದು ಉದ್ದ ಕಪ್ಪು ಕೂದಲಿನ, ಎದೆಯ ಮೇಲೆ ಬಿಳಿ ಗುರುತುಳ್ಳ ಕರಡಿ. ಇದಕ್ಕಾಗಿಯೇ 1994ರಲ್ಲಿ ಹಂಪಿಯ ಸಮೀಪ ದರೋಜಿ ಕರಡಿಧಾಮ ಸ್ಥಾಪನೆಯಾಯಿತು. ಜೇನಿಗಾಗಿ ಮರ ಹತ್ತುವುದು ಇದಕ್ಕೆ ನೀರು ಕುಡಿದಷ್ಟು ಸುಲಭ. ಓಟದಲ್ಲಿಯೂ ಮನುಷ್ಯನನ್ನು ಮೀರಿಸುತ್ತದೆ. ಅಂದಮೇಲೆ ಮರವೂ ರಕ್ಷಣೆಯಲ್ಲ, ಓಟವೂ ಅಲ್ಲ.

ಹಾಗಾದರೆ ಕರಡಿ ಮನುಷ್ಯನ ಮೇಲೆ ಎರಗುವುದೇಕೆ? ಸಾಮಾನ್ಯವಾಗಿ ತಿನ್ನುವುದಕ್ಕಲ್ಲ. ಇದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು, ಹಣ್ಣು. ಮೇಲ್ದವಡೆಯ ಮುಂಭಾಗದಲ್ಲಿ ನಡುವಿನ ಎರಡು ಹಲ್ಲುಗಳು ಇದಕ್ಕಿಲ್ಲ. ಸುಮಾರು 3 ಅಂಗುಲ ಉದ್ದದ ಉಗುರುಗಳಿಂದ ಹುತ್ತವನ್ನು ಬಗೆದು, ಮೂತಿ ತೂರಿಸಿ, ಮಣ್ಣನ್ನು ಊದಿ, ಹಲ್ಲಿಲ್ಲದ ಆ ಸಂದಿಯಿಂದ ಗೆದ್ದಲನ್ನು ಹೀರಿಕೊಳ್ಳುತ್ತದೆ. ಈ ಸದ್ದು ನೂರು ಮೀಟರ್ ಆಚೆಗೂ ಕೇಳಿಸುತ್ತದೆ. ತನ್ನದೇ ಸದ್ದಿನಲ್ಲಿ ಮುಳುಗಿದ ಕರಡಿಗೆ ಮನುಷ್ಯರ ಹೆಜ್ಜೆ ಸಪ್ಪಳ ತಿಳಿಯದು. ದೃಷ್ಟಿಯೂ ಮಂದ. ತಲೆಯೆತ್ತಿದರೆ ಹತ್ತು ಹೆಜ್ಜೆಯ ದೂರದಲ್ಲಿ ಮನುಷ್ಯ! ಹುಲಿಯಿರುವ ಕಾಡಿನಲ್ಲೇ ಬಾಳಿಬಂದ ಈ ಪ್ರಾಣಿಗೆ, ಬೆಚ್ಚಿದಾಗ ಎದುರು ನಿಂತು ಹೊಡೆಯುವುದೇ ಆತ್ಮರಕ್ಷಣೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಂತೂ ಕ್ಷಣವೂ ತಡೆಯದು.

ಆದ್ದರಿಂದ ಕರಡಿಯನ್ನು ಬೆಚ್ಚಿಬೀಳಿಸದಿರುವುದೇ ಮೊದಲ ಉಪಾಯ. ಚಾರಣಿಗರು ಗುಂಪಾಗಿ, ಗಟ್ಟಿಯಾಗಿ ಮಾತನಾಡುತ್ತ ನಡೆಯಬೇಕು. ಪೊದೆ, ಬಂಡೆ, ತಿರುವುಗಳ ಬಳಿ ಚಪ್ಪಾಳೆ ತಟ್ಟಬೇಕು. ಮುಂಜಾವು, ಮುಸ್ಸಂಜೆ, ರಾತ್ರಿಯ ನಡಿಗೆ ಬೇಡ. ಕಲ್ಲುಬಂಡೆಗಳ ಗವಿಗಳಲ್ಲಿ ಇಣುಕುವುದಂತೂ ಬೇಡವೇ ಬೇಡ.

ಕರಡಿಯ ಮೂಗು ಮಾತ್ರ ಬಹಳ ಚುರುಕು. ದರೋಜಿಯಲ್ಲಿ ಬೆಲ್ಲ ಬೆರೆಸಿದ ತಿನಿಸನ್ನು ಬಂಡೆಗಳಿಗೆ ಬಳಿದು, ಸಂಜೆ ಕರಡಿಗಳನ್ನು ಪ್ರವಾಸಿಗರ ಕಣ್ಣಿಗೆ ಬೀಳುವಂತೆ ಮಾಡುವ ರೂಢಿ ಬೆಳೆಯಿತು. ಡೇರೆಯೊಳಗೆ ಬೆಲ್ಲ, ಬಾಳೆಹಣ್ಣು, ಉಂಡೆಗಳನ್ನು ಇಟ್ಟುಕೊಂಡು ಮಲಗುವವರೂ ತಿಳಿಯದೆ ಅದನ್ನೇ ಮಾಡುತ್ತಾರೆ. ತಿನಿಸನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಲಗುವ ಜಾಗದಿಂದ ದೂರ ಇಡಬೇಕು. ಎಂಜಲನ್ನು ಅಲ್ಲಲ್ಲೇ ಚೆಲ್ಲಬಾರದು.

ಇಷ್ಟಾದರೂ ಕರಡಿ ಹತ್ತಿರದಲ್ಲೇ ಕಂಡರೆ? ಆಗ ಕೂಗಬಾರದು, ಕಲ್ಲೆಸೆಯಬಾರದು, ಓಡಬಾರದು. ಅದರ ಮೇಲೆ ಕಣ್ಣಿಟ್ಟು, ನಿಧಾನವಾಗಿ ಹಿಂದಕ್ಕೆ ಸರಿಯಬೇಕು. ಮೇಲೆರಗಿಯೇ ಬಿಟ್ಟರೆ ಬೋರಲು ಮಲಗಿ, ಮುಖವನ್ನು ನೆಲಕ್ಕೊತ್ತಿ, ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದುಕೊಳ್ಳಬೇಕು. ಕರಡಿಯ ದಾಳಿಯಲ್ಲಿ ಹೆಚ್ಚು ಗಾಯವಾಗುವುದು ತಲೆಗೆ, ಮುಖಕ್ಕೆ. ಬೆನ್ನಿನ ಚೀಲ ಬೆನ್ನಲ್ಲೇ ಇರಲಿ. ಕರಡಿ ದೂರ ಹೋಗುವವರೆಗೆ ಅಲುಗಾಡಬಾರದು. ಕತೆಯಲ್ಲಿ ನೆಲದ ಮೇಲೆ ಮಲಗಿದವನು ಮಾಡಿದ್ದು ಅರ್ಧ ಸರಿ.

ಮಕ್ಕಳನ್ನು ಚಾರಣಕ್ಕೆ ಕಳುಹಿಸುವ ಪೋಷಕರು ಅರಣ್ಯ ಇಲಾಖೆಯ ಅನುಮತಿ ಇದೆಯೇ, ಕಾಡು ಬಲ್ಲ ಸ್ಥಳೀಯರು ಜೊತೆಗಿರುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು.

ಅಂದಹಾಗೆ, ಆ ಇಬ್ಬರು ಗೆಳೆಯರು ದಾರಿಯುದ್ದಕ್ಕೂ ಗಟ್ಟಿಯಾಗಿ ಹರಟುತ್ತ ನಡೆದಿದ್ದರೆ ಕರಡಿ ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿತ್ತೇನೋ. ಸ್ನೇಹವೂ ಉಳಿಯುತ್ತಿತ್ತು.